ಬಸರಿ ಮರದ ಕಟ್ಟೆ

ಪೀಣ್ಯ ಎರಡನೇ ಹಂತ
16 ಫೆಬ್ರವರಿ 2025

ಪೂಜ್ಯ ಶ್ಯಾಮಸುಂದರ ಸಾರ್ ಅವರಿಗೆ ವಸಂತಮ್ಮ ಮಾಡುವ ನಮಸ್ಕಾರಗಳು. ಅಮ್ಮನವರಿಗೂ ತಿಳಿಸಿ.

ನಿಮ್ಮ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದ ಹುಡುಗಿಗೆ ಅಮ್ಮನವರು ಅಕ್ಷರ ಕಲಿಸಿದ್ದು ಇಷ್ಟು ವರ್ಷದ ಮೇಲೆ ಹೀಗೆ ಉಪಯೋಗಕ್ಕೆ ಬಂತು. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ ಎಂದು ನನ್ನ ತಮ್ಮ ನರಸಪ್ಪ ಹೇಳಿದ. ಫ್ಯಾಕ್ಟರಿಯ ಹ್ಯಾಮರ್ ಶಾಪಿನ ಸದ್ದು ನಿಮ್ಮ ಎರಡೂ ಕಿವಿ ತಿಂದುಬಿಟ್ಟಿತು ಎಂದು ಕೇಳಿ ಬೇಜಾರಾಯಿತು. ನಮ್ಮ ಗಾರ್ಮೆಂಟ್ಸಿನಲ್ಲೂ ಗೇಟಿನಲ್ಲೇ ಫೋನ್ ಇಸಿದುಕೊಳ್ಳುತ್ತಾರೆ. ಹಾಗಾಗಿ ಕಾಗದವೇ ಸರಿ.

ಜೇನುಬಂಡೆ ಗುಡ್ಡ ಉಳಿಯಿತಂತೆ. ಕ್ವಾರಿಯವರ ಕೈಗೂ ಹೋಗಲಿಲ್ಲ, ಅಪಾರ್ಟ್‌ಮೆಂಟ್‌ನವರ ಕೈಗೂ ಹೋಗಲಿಲ್ಲ, ಸರ್ಕಾರ ಅದನ್ನು ಕಾಡಿಗೆ ಸೇರಿಸಿತು, ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ನರಸಪ್ಪ ಹೇಳಿದ. ಅವನನ್ನೇ ಅಲ್ಲಿ ವಾಚರ್ ಮಾಡಿಸಿದ್ದೀರಿ. ಡೈನಮೈಟ್ ಹೊಡೆದಾಗಲೆಲ್ಲ ಅವ್ವ ಅನ್ನದ ತಟ್ಟೆ ಬಿಟ್ಟು ಎದ್ದು ಗುಡ್ಡದ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಅದು ನಿಲ್ಲುವಂತೆ ಮಾಡಿದ್ದು ನೀವು. ನಿಮ್ಮ ಉಪಕಾರ ದೊಡ್ಡದು.

ಈಗ ಒಂದು ಬೇಡಿಕೆ ಇದೆ. ನಮ್ಮವ್ವ ಮಾರಕ್ಕನಿಗೆ ಮೈಯಲ್ಲಿ ಚೆನ್ನಾಗಿಲ್ಲ. ಕೆಮ್ಮಿದರೆ ನಿಲ್ಲುವುದಿಲ್ಲ, ಊಟ ಸೇರುವುದಿಲ್ಲ. ಹೋದ ಭಾನುವಾರ ಗುಡ್ಡದ ಕೆಳಗಿನ ನಮ್ಮ ಕಾಲೋನಿಗೆ ಹೋಗಿದ್ದಾಗ ನನ್ನ ಕೈ ಹಿಡಿದುಕೊಂಡು, "ಬ್ಯಾಗ ಒಂದು ದಿನ ಬಾ ಕಣವ್ವ, ಗುಡ್ಡಕ್ಕೋಗಿ ಬರಾನ" ಎಂದಳು. ಆದರೆ ಈಗ ಸುತ್ತ ಬೇಲಿ ಬಿದ್ದಿದೆ. ವಾಚರ್ ಆದ ಮಗನೇ ತಾಯಿಯನ್ನು ಒಳಗೆ ಬಿಡುವ ಹಾಗಿಲ್ಲವಂತೆ.

ಒಂದೇ ಒಂದು ಭಾನುವಾರ ಬೆಳಗ್ಗೆ, ನಾನೂ ಅವ್ವನೂ ಹೋಗಿ ಬರಲು ಅಪ್ಪಣೆ ಕೊಡಿಸಿ ಸಾರ್. ನಮಗೆ ಅದು ಬಹಳ ಮುಖ್ಯ. ನನ್ನ ಮಗಳು ಅಮೂಲ್ಯಾ ಒಂಬತ್ತನೇ ಕ್ಲಾಸು. ನಿಮಗೆ ನಮಸ್ಕಾರ ತಿಳಿಸಿದ್ದಾಳೆ.

ಇಂತಿ ನಿಮ್ಮ ವಸಂತಮ್ಮ


ನೌಕರರ ಬಡಾವಣೆ, ಎಲೆಕ್ಟ್ರಾನಿಕ್ ಸಿಟಿ ಆಚೆ
24 ಫೆಬ್ರವರಿ 2025

ಚಿ. ವಸಂತಳಿಗೆ ಆಶೀರ್ವಾದಗಳು.

ವೆಂಕಟಲಕ್ಷ್ಮಿ ನಿನ್ನ ಕಾಗದವನ್ನು ಎರಡು ಸಲ ಓದಿ, "ಒಂದು ಒತ್ತು ತಪ್ಪಿಲ್ಲ ನೋಡ್ರೀ, ಯಾರ ಶಿಷ್ಯೆ!" ಎಂದು ಸ್ಲೇಟಿನ ಮೇಲೆ ಬರೆದು ನನ್ನ ಮೂಗಿನ ಮುಂದೆ ಹಿಡಿದಳು. ಈಗ ನಮ್ಮ ಸಂಸಾರ ನಡೆಯುವುದೇ ಸ್ಲೇಟಿನ ಮೇಲೆ. ಜಗಳವೂ ಅದರಲ್ಲೇ. ಒಂದು ಲಾಭವೆಂದರೆ ಜಗಳ ಮುಗಿದ ಮೇಲೆ ಒರೆಸಿಬಿಡಬಹುದು.

ಗುಡ್ಡ ಉಳಿಯಿತು ಎಂದು ಇಷ್ಟು ಸುಲಭಕ್ಕೆ ಬರೆದುಬಿಟ್ಟೆಯಲ್ಲ! ಆರು ವರ್ಷ ಅಲೆದಿದ್ದೇನಮ್ಮ. ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲಿಗೆ ನನ್ನ ಚಪ್ಪಲಿಯ ಗುರುತು ಸಿಗುತ್ತದೆ. ಕ್ವಾರಿಯವನು ಮನೆಯ ಮುಂದೆ ಲಾರಿ ನಿಲ್ಲಿಸಿ ಹೆದರಿಸಿದ. ಹಾರನ್ ಎಷ್ಟು ಹೊಡೆದನೋ, ನನಗೆಲ್ಲಿ ಕೇಳಿಸಬೇಕು? ಪೇಪರು ಓದುತ್ತಾ ಕೂತಿದ್ದೆ. ಕೊನೆಗೆ ಅವನೇ ಸೋತು ಹೋದ.

ಒಂದು ವಿಷಯಕ್ಕೆ ಮಾತ್ರ ನಿಮ್ಮವರ ಮೇಲೆ ನನಗೆ ಕೋಪವಿದೆ. ಕಳೆದ ವರ್ಷ ಸರ್ವೆಗೆ ಬಂದವರು ಕಾಲೋನಿಯವರನ್ನೆಲ್ಲ ಕೂರಿಸಿಕೊಂಡು, ಗುಡ್ಡದ ಮೇಲೆ ನಿಮ್ಮ ದೇವರಿದೆಯೇ, ಹಿರಿಯರ ಜಾಗ ಇದೆಯೇ ಎಂದು ಕೇಳಿದರು. ನಿನ್ನ ತಾಯಿಯೂ ಇದ್ದರು. ಎಲ್ಲರೂ ನೆಲ ನೋಡಿಕೊಂಡು "ಏನೂ ಇಲ್ಲ ಸ್ವಾಮಿ" ಎಂದರಂತೆ. ವರದಿಯಲ್ಲಿ ಹಾಗೇ ಇದೆ. ಇದೆ ಎಂದಿದ್ದರೆ ನಿಮಗೇ ಹಕ್ಕು ಬರುತ್ತಿತ್ತು, ಬೇಲಿಯೊಳಗೆ ಹೋಗಲು ಯಾರನ್ನೂ ಕೇಳಬೇಕಾಗಿರಲಿಲ್ಲ. ದೇವರು ವರ ಕೊಡಲು ಬಂದಾಗ ಬಾಯಿ ಮುಚ್ಚಿ ಕೂರುವವರನ್ನು ಇಲ್ಲೇ ನೋಡಿದ್ದು. ಕೊನೆಗೆ ನಾನೇ ಹಟ ಹಿಡಿದು, ಈ ಕಾಲೋನಿಯ ಇರುಳಿಗರು ತಲೆತಲಾಂತರದಿಂದ ಜೇನು ಕೀಳುತ್ತಿದ್ದ ಪರಂಪರೆಯ ತಾಣ ಎಂದು ಒಂದು ಸಾಲು ಸೇರಿಸಿದೆ.

ನಿನ್ನ ಬೇಡಿಕೆಗೆ ಬರೋಣ. ಕಳ್ಳರ ಹಾಗೆ ಒಂದು ಭಾನುವಾರ ಏಕೆ ಹೋಗಿ ಬರಬೇಕು? ಜೂನ್ ಐದರಂದು ಗುಡ್ಡವನ್ನು ಜನರಿಗೆ ತೆರೆಯುವ ಕಾರ್ಯಕ್ರಮ ಇಟ್ಟಿದ್ದೇವೆ. ಅವತ್ತು ಮೊದಲು ಕಾಲಿಡುವವರು ಮಾರಕ್ಕನವರೇ ಆಗಬೇಕು ಎಂದು ನಮ್ಮ ಗುಡ್ಡ ಉಳಿಸುವ ಸಮಿತಿಯಲ್ಲಿ ಗುದ್ದಾಡಿ ಒಪ್ಪಿಸಿದ್ದೇನೆ. ಶಾಲು, ಹಾರ, ಫೋಟೋ ಎಲ್ಲ ಇರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ. ಅವರಿಗೆ ಒಳ್ಳೆಯ ಡಾಕ್ಟರನ್ನು ತೋರಿಸು.

ನಿನ್ನ ಹಿತೈಷಿ
ಶ್ಯಾಮಸುಂದರ


ಪೀಣ್ಯ
9 ಮಾರ್ಚ್ 2025

ಪೂಜ್ಯ ಸಾರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅವ್ವನಿಗೆ ಓದಿ ಹೇಳಿದೆ. ಶಾಲಿನ ಮಾತು ಬಂದಾಗ ನಕ್ಕಳು. "ಸೆಕೆಗಾಲದಾಗೆ ಶಾಲಾ?" ಎಂದಳು. ಆಮೇಲೆ ಜೂನ್ ಎಂದರೆ ಇನ್ನೆಷ್ಟು ದಿನ ಎಂದು ಕೇಳಿದಳು. ಹೇಳಿದೆ. ಬೆರಳು ಮಡಿಸಿ ಎಣಿಸಿದಳು.

ಸಾರ್, ತಪ್ಪು ತಿಳಿಯಬೇಡಿ. ನೀವು ಅವ್ವನಿಗೆ ಮರ್ಯಾದೆ ಮಾಡಬೇಕು ಎಂದುಕೊಂಡಿರುವುದು ನಮ್ಮ ಪುಣ್ಯ. ಆದರೆ ನಮಗೆ ಅದು ಬೇಡ. ಜನ ಇಲ್ಲದ ಒಂದು ಬೆಳಗ್ಗೆ ಸಾಕು. ಅವ್ವನಿಗೆ ಜೂನ್‌ವರೆಗೆ ಆಗುತ್ತದೋ ಇಲ್ಲವೋ ಎಂದು ನನಗೆ ಭಯ. ಕೆಲವು ಮಾತನ್ನು ನಮ್ಮಲ್ಲಿ ಅಲ್ಲೇ ಹೋಗಿ ಆಡಬೇಕು, ಮನೆಯಲ್ಲಿ ಆಡುವ ಹಾಗಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಗುಡ್ಡದ ನೆತ್ತಿಯವರೆಗೂ ಬೇಕಾಗಿಲ್ಲ. ಅರ್ಧ ದಾರಿಯಲ್ಲಿ ಹಳ್ಳ ದಾಟಿದ ಮೇಲೆ ಒಂದು ದೊಡ್ಡ ಬಸರಿ ಮರ ಇದೆಯಲ್ಲ, ಅದರ ಕೆಳಗೆ ಅವ್ವ ಸ್ವಲ್ಪ ಹೊತ್ತು ಕೂರಬೇಕು, ನಾನು ಪಕ್ಕದಲ್ಲಿ ಕೂರಬೇಕು. ಅಷ್ಟೇ ಸಾರ್. ರೇಂಜರ್ ಸಾಹೇಬರನ್ನು ಒಂದು ಮಾತು ಕೇಳಿ.

ನಿಮ್ಮ ವಸಂತಮ್ಮ


ನೌಕರರ ಬಡಾವಣೆ
14 ಏಪ್ರಿಲ್ 2025

ಚಿ. ವಸಂತಳಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಗುಡ್ಡದ ಕೆಲಸದಲ್ಲಿ ಮುಳುಗಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಜೂನ್‌ಗೆ ಮುಂಚೆ ಒಳಗೆ ಬಿಡುವುದು ಸಾಧ್ಯವಿಲ್ಲ. ಕಾನೂನು ಬಲು ಬಿಗಿ. ಒಬ್ಬರನ್ನು ಬಿಟ್ಟರೆ ನಾಳೆ ಕ್ವಾರಿಯವನೂ "ನಾನೂ ವಾಕಿಂಗ್ ಹೋಗ್ತೀನಿ" ಎಂದು ಬಂದು ನಿಲ್ಲುತ್ತಾನೆ.

ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದರೂ ನನಗೆ ಅರ್ಥವಾಯಿತು ಕಣಮ್ಮ. ವಯಸ್ಸಾದವರಿಗೆ ತಾವು ಆಡಿ ಬೆಳೆದ ಜಾಗದಲ್ಲಿ ಒಂದು ಗಳಿಗೆ ಕೂರಬೇಕು ಅನ್ನಿಸುತ್ತದೆ. ನನಗೂ ಹ್ಯಾಮರ್ ಶಾಪಿನ ಬಾಗಿಲಲ್ಲಿ ಒಮ್ಮೆ ಹೋಗಿ ನಿಲ್ಲಬೇಕು ಅನ್ನಿಸುತ್ತದೆ. ಬಸರಿ ಮರದ ಕೆಳಗೆ ಎಂದೆಯಲ್ಲ, ಆ ಮಾತನ್ನು ಗಂಟು ಹಾಕಿಟ್ಟುಕೊಂಡಿದ್ದೇನೆ. ನಿನ್ನ ತಾಯಿಗೆ ಅಲ್ಲಿ ಒಂದು ಆಶ್ಚರ್ಯ ಕಾದಿದೆ. ಈಗ ಹೇಳುವುದಿಲ್ಲ.

ಆ ಜಾಗ ನೋಡಿದ್ದರೆ ನೀನೇ ಅಳುತ್ತಿದ್ದೆ. ಹಿಂದೆ ಯಾರೋ ಕುಡಿದು ಎಸೆದ ಬಾಟಲಿ, ಚಿಪ್ಸಿನ ಕವರು, ಮುಳ್ಳುಪೊದೆ, ನೆಲದ ತುಂಬ ಕಾಲಿಗೆ ತೊಡರುವ ಕಲ್ಲುಗಳು. ಒಂದು ಸಾಫ್ಟ್‌ವೇರ್ ಕಂಪನಿಯ ಹುಡುಗ ಹುಡುಗಿಯರು ಎರಡು ದಿನ ಬಂದು ಬೆವರು ಸುರಿಸಿದರು. ಚಿನ್ಮಯ್ ಎಂಬ ಹುಡುಗ ಅವರ ಮುಂದಾಳು. ಅಂಗೈ ಬೊಬ್ಬೆ ಎದ್ದರೂ ಕೈಬಿಡಲಿಲ್ಲ. ಈಗಿನ ಕಾಲದವರು ಕೆಲಸಕ್ಕೆ ಬಾರದವರು ಎನ್ನುವವರನ್ನು ಕರೆದುಕೊಂಡು ಬಂದು ತೋರಿಸಬೇಕು.

ನಿನ್ನ ತಮ್ಮ ಮಾತ್ರ ಆ ಎರಡು ದಿನ ಜ್ವರ ಎಂದು ಬರಲಿಲ್ಲ. ಮೂರನೇ ದಿನ ಬಂದವನ ಮುಖ ಸಪ್ಪಗಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಹೀಗಾದರೆ ಹೇಗೆ? ನೀನು ಸ್ವಲ್ಪ ಬುದ್ಧಿ ಹೇಳು.

ಹಿತೈಷಿ
ಶ್ಯಾಮಸುಂದರ


ಪೀಣ್ಯ
11 ಮೇ 2025

ಸಾರ್ ಅವರಿಗೆ ನಮಸ್ಕಾರಗಳು.

ಅವ್ವನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಮೊನ್ನೆ ಮನೆಗೆ ಕರೆತಂದೆವು. ಶ್ವಾಸಕೋಶ ಹಾಳಾಗಿದೆ ಎಂದರು. ಕ್ವಾರಿಯ ಧೂಳು ಎಂದು ಡಾಕ್ಟರು ಬಾಯಲ್ಲಿ ಹೇಳಿದರು, ಬರೆದುಕೊಡಲಿಲ್ಲ.

ಜೂನ್ ಐದು ಗುರುವಾರ. ಆ ವಾರ ನಮ್ಮಲ್ಲಿ ಶಿಪ್‌ಮೆಂಟ್ ಇದೆ, ರಜ ಕೇಳಿದರೆ ಕೆಲಸ ಬಿಡು ಎನ್ನುತ್ತಾರೆ. ಸೂಪರ್‌ವೈಸರ್ ಕಾಲು ಹಿಡಿಯುವುದೊಂದು ಬಾಕಿ. ಕಾರ್ಯಕ್ರಮ ಆದ ಮೇಲಿನ ಭಾನುವಾರ, ಎಂಟನೇ ತಾರೀಕು, ನಾನು ಖಂಡಿತ ಬರುತ್ತೇನೆ. ಅವತ್ತು ಹತ್ತಿಸೋಣ. ನಾನಿಲ್ಲದೆ ಅವ್ವನನ್ನು ಬಸರಿ ಮರದ ಹತ್ತಿರ ಕರೆದುಕೊಂಡು ಹೋಗಬೇಡಿ. ಕೈಮುಗಿದು ಕೇಳುತ್ತೇನೆ.

ನೆಲದ ಮೇಲೆ ಕಲ್ಲುಗಳಿದ್ದವು ಎಂದು ಬರೆದಿದ್ದೀರಿ. ಅವು ಅಲ್ಲೇ ಇವೆ ತಾನೇ? ನರಸಪ್ಪನನ್ನು ಕೇಳಿದರೆ ಬಾಯಿ ಬಿಡುತ್ತಿಲ್ಲ.

ವಸಂತಮ್ಮ


ನೌಕರರ ಬಡಾವಣೆ
7 ಜೂನ್ 2025

ಚಿ. ವಸಂತಳಿಗೆ ಆಶೀರ್ವಾದಗಳು.

ನಿನ್ನ ಮೇ ತಿಂಗಳ ಕಾಗದ ಬಂದಾಗ ನಾನು ಆಮಂತ್ರಣ ಪತ್ರಿಕೆಯ ಪ್ರೂಫು ತಿದ್ದುತ್ತಿದ್ದೆ. ಅದರಲ್ಲಿ ನಿನ್ನ ತಾಯಿಯ ಹೆಸರು ಅಚ್ಚಾಗಿಬಿಟ್ಟಿತ್ತು. ಹಾಗಾಗಿ ಭಾನುವಾರದ ಮಾತು ನಡೆಯಲಿಲ್ಲ. ನೀನಿರಲಿಲ್ಲ ಎಂಬುದೊಂದೇ ಕೊರತೆ. ಮಿಕ್ಕಂತೆ ಏನು ಹೇಳಲಿ! ಕಣ್ಣು ಸಾಲದು ಎನ್ನುತ್ತಾರಲ್ಲ, ಹಾಗಿತ್ತು.

ಚಿನ್ಮಯ್ ಮತ್ತು ಗೆಳೆಯರು ಮಾರಕ್ಕನವರನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ತಂದರು. ದಾರಿಯುದ್ದಕ್ಕೂ ಅವರು "ಇಳಿಸ್ರಪ್ಪೋ" ಎಂಬಂತೆ ಕೈ ಆಡಿಸುತ್ತಿದ್ದರು. ಪಾಪ, ಸಂಕೋಚ. ಹಳ್ಳ ದಾಟಿ ತಿರುವಿನಲ್ಲಿ ಬಸರಿ ಮರ ಕಂಡಿತು. ಈಗ ಹೇಳುತ್ತೇನೆ ಆ ಆಶ್ಚರ್ಯ ಏನೆಂದು. ಮರದ ಸುತ್ತ ಒಂದು ಕಟ್ಟೆ ಕಟ್ಟಿಸಿದ್ದೇನೆ! ಹೊರಗಿನಿಂದ ಒಂದು ಕಲ್ಲು ತಂದಿಲ್ಲ. ಅಲ್ಲೇ ಬಿದ್ದಿದ್ದ ಕಲ್ಲುಗಳನ್ನೆಲ್ಲ ಆರಿಸಿ, ತೊಳೆದು, ದೊಡ್ಡವನ್ನು ಕೆಳಗೆ, ಚಪ್ಪಟೆಯವನ್ನು ಮೇಲೆ, ಸಣ್ಣವನ್ನು ಸಂದಿಗೆ ಕೂರಿಸಿ ಸಿಮೆಂಟು ಹಾಕಿಸಿದೆವು. ಮುಷ್ಟಿಗಾತ್ರದ ಒಂದು ಬಿಳಿ ಕಲ್ಲು ಸಿಕ್ಕಿತು. ಅದನ್ನು ಎದುರಿಗೇ ಕಾಣುವಂತೆ ಚಂದಕ್ಕೆ ಇಟ್ಟಿದ್ದೇವೆ. ನಿನ್ನ ತಾಯಿ ಕೂರಬೇಕು ಎಂದು ನೀನು ಬರೆದ ಆ ಒಂದು ಸಾಲಿಗಾಗಿ ಇಷ್ಟೆಲ್ಲ.

ಆದರೆ ನೋಡು, ಅವರು ಕೂರಲೇ ಇಲ್ಲ. ನಾನು ಹೇಳಿದೆ, ವೆಂಕಟಲಕ್ಷ್ಮಿ ಹೇಳಿದಳು, ಬಂದಿದ್ದ ಅಧಿಕಾರಿಗಳೂ ಹೇಳಿದರು. ಶಾಲು ಹೊದಿಸಿದರೂ ನಿಂತೇ ಇದ್ದರು. ಅಷ್ಟು ದೊಡ್ಡ ಮನಸ್ಸು, ಅಷ್ಟು ವಿನಯ. ಆಮೇಲೆ ಕಟ್ಟೆಯನ್ನು ಕೈಯಿಂದ ಸವರುತ್ತಾ ಒಂದು ಸುತ್ತು ಬಂದರು. ಆ ಬಿಳಿ ಕಲ್ಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಎಲ್ಲರೂ ಚಪ್ಪಾಳೆ ಹೊಡೆದರು. ಆಗ ಏನೋ ಅಂದರು, ತುಟಿ ಅಲುಗಿದ್ದು ಕಂಡಿತು. ನಾನು ನರಸಪ್ಪನಿಗೆ ಸ್ಲೇಟು ಕೊಟ್ಟು ಏನಂದರು ಎಂದು ಕೇಳಿದೆ. "ಕಟ್ಟೆ ಚೆನ್ನಾಗಿದೆ ಅಂದ್ಳು ಸಾರ್" ಎಂದು ಬರೆದ. ಆ ಸ್ಲೇಟನ್ನು ಇನ್ನೂ ಒರೆಸಿಲ್ಲ. ಆರು ವರ್ಷದ ದಣಿವು ಆ ಒಂದು ಮಾತಿಗೆ ಇಳಿಯಿತು.

ಫೋಟೋ ಕಳಿಸುತ್ತಿದ್ದೇನೆ.

ಹಿತೈಷಿ
ಶ್ಯಾಮಸುಂದರ


ಪೀಣ್ಯ
15 ಜೂನ್ 2025

ಸಾರ್,

ಎಂಟನೇ ತಾರೀಕು ಕಾಲೋನಿಗೆ ಹೋಗಿದ್ದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನರಸಪ್ಪ ನಿಮಗೆ ಬರೆದದ್ದು ಸುಳ್ಳು. ಅವ್ವ ಅವತ್ತು ಅಂದದ್ದು ಕಟ್ಟೆ ಚೆನ್ನಾಗಿದೆ ಎಂದಲ್ಲ. "ಯಾರ್ ಮ್ಯಾಲೆ ಯಾರ್ನ ಮಡಗವ್ರೋ" ಎಂದಳು. ನಾನು ಹೋದಾಗಲೂ ಅದನ್ನೇ ಅನ್ನುತ್ತಿದ್ದಳು. ಅದು ಬಿಟ್ಟು ಬೇರೆ ಮಾತಿಲ್ಲ.

ಈಗ ಹೇಳುತ್ತೇನೆ, ಕೇಳಿ. ಹೇಳಬಾರದು. ಆದರೆ ಹೇಳದೆ ಉಳಿಸಿಕೊಳ್ಳಲು ಇನ್ನೇನೂ ಉಳಿದಿಲ್ಲ.

ನಮ್ಮ ಹಟ್ಟಿಯಲ್ಲಿ ಒಬ್ಬರು ಹೋದರೆ ಮಣ್ಣು ಎಲ್ಲಾದರೂ ಮಾಡಬಹುದು. ಆಮೇಲೆ ಮನೆಯ ಹೆಂಗಸು ಹಳ್ಳಕ್ಕೆ ಇಳಿದು ಒಂದು ಕಲ್ಲು ಆರಿಸಿ ತಂದು ಆ ಬಸರಿ ಮರದ ಕೆಳಗೆ ಇಡುತ್ತಾಳೆ. ಗಂಡನ ಕಲ್ಲಿನ ಎಡಕ್ಕೆ ಹೆಂಡತಿಯದು. ತಾಯಿಯ ಮಗ್ಗುಲಿಗೆ ಮಗುವಿನದು. ತಾಯಿ ಬದುಕಿದ್ದರೆ ಆಕೆಗೆಂದು ಜಾಗ ಬಿಟ್ಟು ಇಡುತ್ತಾರೆ. ಇಟ್ಟ ಮೇಲೆ ಯಾರೂ ಮುಟ್ಟುವುದಿಲ್ಲ. ಹೆಸರು ಬರೆಯುವುದಿಲ್ಲ, ಕುಂಕುಮ ಹಚ್ಚುವುದಿಲ್ಲ. ಹೊರಗಿನವರಿಗೆ ಅದು ಬರೀ ಕಲ್ಲಾಗಿಯೇ ಕಾಣಬೇಕು. ಬೇರೆಯವರ ಮುಂದೆ ಬೆರಳು ಮಾಡಿ ತೋರಿಸಿದರೆ ಸತ್ತವರು ಅಲ್ಲಿಂದ ಎದ್ದು ಹೋಗುತ್ತಾರೆ ಎಂದು ನಮ್ಮ ನಂಬಿಕೆ. ಅದಕ್ಕೇ ಸರ್ವೆಯವರ ಮುಂದೆ ಎಲ್ಲರೂ ಏನೂ ಇಲ್ಲ ಎಂದರು. ಅದಕ್ಕೇ ನರಸಪ್ಪನಿಗೆ ಜ್ವರ ಬಂದಿತು. ಅವನು ಬೇಡ ಎನ್ನಬಹುದಿತ್ತು. ಬೇಡ ಎಂದರೆ ಏಕೆ ಎಂದು ಕೇಳುತ್ತಿದ್ದಿರಿ.

ಯಾವ ಕಲ್ಲು ಯಾರು ಎಂಬುದು ಮನೆಯ ಹಿರಿ ಹೆಂಗಸೊಬ್ಬಳಿಗೇ ಗೊತ್ತು. ತನ್ನ ಕಾಲ ಬಂತು ಎನ್ನಿಸಿದಾಗ ಮಗಳನ್ನು ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು, ಇದು ನಿಮ್ಮಪ್ಪ, ಇದು ನಿಮ್ಮಪ್ಪನ ತಾಯಿ, ಇದು ಅವಳ ತಾಯಿ ಎಂದು ಹೇಳಬೇಕು. ಮುಂಚೆಯೇ ಹೇಳಿದರೆ ಸಾವನ್ನು ಕೂಗಿ ಕರೆದ ಹಾಗೆ. ಅವ್ವ ನನ್ನನ್ನು ಕರೆದದ್ದು ಅದಕ್ಕೆ. ನಾನು ಒಂದು ಬೆಳಗ್ಗೆ ಕೇಳಿದ್ದು ಅದಕ್ಕೆ.

ನೀವು ಚಂದಕ್ಕೆ ಇಟ್ಟ ಬಿಳಿ ಕಲ್ಲು ನನ್ನ ತಂಗಿ. ಹಾಲು ಕುಡಿಯುವ ಮಗುವಾಗಿದ್ದಾಗ ಹೋದಳು. ಅವ್ವ ಅದನ್ನು ಹಳ್ಳದಲ್ಲಿ ಆರಿಸುವಾಗ ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ನನಗೆ ಗೊತ್ತಿರುವುದು ಅದೊಂದೇ. ನಮ್ಮಪ್ಪ ನಿಮ್ಮ ಕಟ್ಟೆಯ ಕೆಳಗಿದ್ದಾನೋ ಮೇಲಿದ್ದಾನೋ ಗೊತ್ತಿಲ್ಲ. ನೀವು ಕಳಿಸಿದ ಫೋಟೋದಲ್ಲಿ ಇಬ್ಬರು ಹುಡುಗಿಯರು ಅದರ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ನಗುತ್ತಿದ್ದಾರೆ. ಅವರ ತಪ್ಪೇನಿದೆ?

ಇನ್ನೊಂದು ಮಾತು. ಅವ್ವನನ್ನು ಇನ್ನೊಮ್ಮೆ ಕರೆದುಕೊಂಡು ಹೋಗಲು ಬಿಡುತ್ತೀರಾ ಎಂದು ನರಸಪ್ಪ ರೇಂಜರ್ ಸಾಹೇಬರನ್ನು ಕೇಳಿದ. "ಮೊದಲೇ ಕೇಳಿದ್ರೆ ಮಾರ್ಚಿನಲ್ಲೇ ಬಿಡ್ತಿದ್ನಲ್ಲಪ್ಪ, ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ" ಎಂದರಂತೆ. ನೀವು ಕೇಳಿಯೇ ಇರಲಿಲ್ಲ. ಕಾನೂನು ಬಿಗಿ ಎಂದು ನನಗೆ ಬರೆದಿರಿ.

ಕ್ವಾರಿಯವನು ಗುಡ್ಡ ಒಡೆದಿದ್ದರೆ ಅವನಿಗೆ ಶಾಪ ಹಾಕುತ್ತಿದ್ದೆವು. ನಿಮಗೆ ಏನು ಹಾಕಲಿ ಹೇಳಿ. ಬೈಯಲು ಬಾಯಿ ಬರುವುದಿಲ್ಲ, ಅಕ್ಷರ ಕಲಿಸಿದ ಮನೆ. ಬೈಯದೆ ಇರಲೂ ಆಗುತ್ತಿಲ್ಲ.

ವಸಂತಮ್ಮ


ನೌಕರರ ಬಡಾವಣೆ
30 ಆಗಸ್ಟ್ 2025

ವಸಂತಮ್ಮನವರಿಗೆ,

ಮಾರಕ್ಕನವರು ಹೋದ ಸುದ್ದಿಯನ್ನು ಜುಲೈನಲ್ಲೇ ನರಸಪ್ಪ ಸ್ಲೇಟಿನ ಮೇಲೆ ಬರೆದು ತೋರಿಸಿದ. ಮಣ್ಣಿಗೆ ಬರಲು ನನಗೆ ಮುಖವಿರಲಿಲ್ಲ. ವೆಂಕಟಲಕ್ಷ್ಮಿ ಒಬ್ಬಳೇ ಬಂದಿದ್ದಳು, ನಿಮಗೆ ಗೊತ್ತು. ಅಂದಿನಿಂದ ಬರೆಯಬೇಕು ಎಂದು ಕೂರುವುದು, ಹರಿದು ಹಾಕುವುದು, ಇದೇ ಆಗಿದೆ.

ನಿಮ್ಮ ಕಾಗದ ಕೈಗೆ ಬಂದ ದಿನವೇ ಹಾರೆ ತೆಗೆದುಕೊಂಡು ಹೋಗಬೇಕಾಗಿತ್ತು. ನಾನು ಸಮಿತಿಯ ಸಭೆ ಕರೆದೆ. ಜೀವಮಾನವೆಲ್ಲ ಫ್ಯಾಕ್ಟರಿಯಲ್ಲಿ ಮಾಡಿದ್ದು ಅದನ್ನೇ ತಾನೇ, ಮಷೀನು ಕೆಟ್ಟರೆ ಮೊದಲು ಮೀಟಿಂಗು. ಒಬ್ಬರು ತಜ್ಞರನ್ನು ಕೇಳೋಣ ಎಂದರು. ಒಬ್ಬರು ಕಟ್ಟೆಯ ಮುಂದೆ ಇರುಳಿಗರ ಪರಂಪರೆ ಎಂದು ಬೋರ್ಡು ಹಾಕಿದರೆ ಸಾಕು ಎಂದರು. ಆಷಾಢ ಕಳೆಯಲಿ ಎಂದು ಇನ್ನೊಬ್ಬರು ಹೇಳಿದರು. ನಾನು ತಲೆಯಾಡಿಸಿದೆ. ಆಷಾಢ ಕಳೆಯುವಷ್ಟರಲ್ಲಿ ನಿಮ್ಮ ತಾಯಿ ಇರಲಿಲ್ಲ.

ಆಮೇಲೆ ಯಾರನ್ನೂ ಕೇಳಲಿಲ್ಲ. ಚಿನ್ಮಯ್‌ನಿಗೆ ನಿಮ್ಮ ಕಾಗದ ತೋರಿಸಿದೆ. ಆ ಹುಡುಗ ಓದಿ ಎದ್ದು ಹೋಗಿ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದ. ನಾವಿಬ್ಬರೇ ಹೋಗಿ ಕಟ್ಟೆ ಬಿಚ್ಚಿದೆವು. ಸಿಮೆಂಟು ನಾನು ನಿಂತು ಹಾಕಿಸಿದ್ದು, ಸುಲಭಕ್ಕೆ ಬಿಡುತ್ತದೆಯೇ? ಕೆಲವು ಕಲ್ಲು ಒಡೆದವು. ಬಿಳಿ ಕಲ್ಲು ಎರಡು ಚೂರಾಯಿತು. ಮುಚ್ಚಿಡಬಾರದು ಎಂದು ಬರೆದಿದ್ದೇನೆ.

ಮುಂಚೆ ಯಾವುದು ಎಲ್ಲಿತ್ತು ಎಂದು ತಿಳಿಯಲು ಆ ಎರಡು ದಿನ ಎಲ್ಲರೂ ತೆಗೆದ ಫೋಟೋಗಳನ್ನು ಹುಡುಕಿಸಿದೆ. ರಾಶಿ ಫೋಟೋ ಇವೆ. ಎಲ್ಲದರಲ್ಲೂ ನಾವೇ ಇದ್ದೇವೆ. ನೆಲ ಒಂದರಲ್ಲೂ ಇಲ್ಲ.

ರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಕೆಡವಿದ್ದಕ್ಕೆ ನನ್ನ ಮೇಲೆ ಕೇಸಾಗಿದೆ. ಆಗಲಿ. ಸಮಿತಿಯಿಂದ ತೆಗೆದಿದ್ದಾರೆ. ಅದೂ ಸರಿ. ವೆಂಕಟಲಕ್ಷ್ಮಿ ಸ್ಲೇಟಿನ ಮೇಲೆ "ಮಗು ಕೇಳಿದ್ದು ಒಂದು ಬೆಳಗ್ಗೆ" ಎಂದು ಬರೆದು ದೇವರ ಗೂಡಿನ ಪಕ್ಕದಲ್ಲಿ ನಿಲ್ಲಿಸಿದ್ದಾಳೆ. ಒರೆಸಲು ಬಿಡುವುದಿಲ್ಲ. ಬೇರೆ ಸ್ಲೇಟು ತಂದುಕೊಟ್ಟೆ, ಅದರ ಮೇಲೆ ಒಂದಕ್ಷರ ಬರೆದಿಲ್ಲ.

ಕಲ್ಲುಗಳನ್ನೆಲ್ಲ ಮರದ ಕೆಳಗೆ ನೆಲದ ಮೇಲೆ ಹರಡಿಟ್ಟಿದ್ದೇನೆ. ನೀವು ಯಾವಾಗ ಬಂದರೂ ಬಿಡುತ್ತೇವೆ ಎಂದು ರೇಂಜರ್ ಬರೆದುಕೊಟ್ಟಿದ್ದಾರೆ. ಈ ಸಲ ನಾನೇ ಹೋಗಿ ಕೇಳಿದೆ. ದಯವಿಟ್ಟು ಬನ್ನಿ. ಯಾವುದನ್ನು ಎಲ್ಲಿಡಬೇಕೆಂದು ಹೇಳಿದರೆ ನನ್ನ ಕೈಯಿಂದಲೇ ಇಡುತ್ತೇನೆ. ನಾನು ಮುಟ್ಟಬಾರದು ಎಂದರೆ ದೂರ ನಿಲ್ಲುತ್ತೇನೆ.

ಶ್ಯಾಮಸುಂದರ


ಪೀಣ್ಯ
21 ಸೆಪ್ಟೆಂಬರ್ 2025

ಶ್ಯಾಮಸುಂದರ ಅವರಿಗೆ,

ಹೋದ ಭಾನುವಾರ ಬಂದಿದ್ದೆ. ನೀವು ಮರದಿಂದಾಚೆ ಬಂಡೆಯ ಹತ್ತಿರ ಛತ್ರಿ ಹಿಡಿದು ನಿಂತಿದ್ದಿರಿ. ನೋಡಿದೆ. ಮಾತಾಡಿಸಬೇಕು ಅನ್ನಿಸಲಿಲ್ಲ. ಮಾತಾಡಿದರೂ ನಿಮಗೆ ಕೇಳಿಸುತ್ತಿರಲಿಲ್ಲ.

ಅವ್ವನ ಕಲ್ಲು ನನ್ನ ಬುತ್ತಿಚೀಲದಲ್ಲಿತ್ತು. ಮಣ್ಣು ಮಾಡಿದ ಮಾರನೆಯ ದಿನವೇ ಹಳ್ಳದಲ್ಲಿ ಆರಿಸಿದ್ದೆ. ಹಳ್ಳದ ನೀರಿನ ಮೇಲೆ ಈಗ ನೊರೆ ಬರುತ್ತದೆ, ಮೇಲಿನ ಅಪಾರ್ಟ್‌ಮೆಂಟುಗಳದ್ದು. ಆದರೂ ಒಳ್ಳೆಯ ಕಲ್ಲು ಸಿಕ್ಕಿತು, ಕರ್ರಗೆ, ಕೈಗೆ ತಣ್ಣಗೆ. ಆವಾಗಿನಿಂದ ಅದನ್ನು ಇಡಲು ಜಾಗ ಸಿಗದೆ ಇಟ್ಟುಕೊಂಡಿದ್ದೆ.

ನೀವು ಕಲ್ಲುಗಳನ್ನು ಹರಡಿಟ್ಟಿರುವುದು ನೋಡಿದೆ. ದೊಡ್ಡವು ಒಂದು ಸಾಲು, ಮಧ್ಯದವು ಒಂದು ಸಾಲು, ಸಣ್ಣವು ಒಂದು ಸಾಲು. ನಿಮ್ಮ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಜೋಡಿಸಿದ ಹಾಗೆ. ನೀವು ಪಾಪ ಕಷ್ಟಪಟ್ಟು ಮಾಡಿದ್ದೀರಿ. ನಾನು ನೆಲದ ಮೇಲೆ ಕೂತು ಒಂದೊಂದನ್ನೂ ನೋಡಿದೆ. ನಮ್ಮಪ್ಪನನ್ನು ಹುಡುಕಿದೆ. ಅವನ ಎಡಕ್ಕೆ ಅವ್ವನನ್ನು ಇಡಬೇಕಿತ್ತು. ಎಲ್ಲವೂ ಅಪ್ಪನ ಹಾಗೇ ಕಂಡವು, ಯಾವುದೂ ಅಪ್ಪನ ಹಾಗೆ ಕಾಣಲಿಲ್ಲ. ತಪ್ಪಿ ಯಾರದೋ ಪಕ್ಕದಲ್ಲಿಟ್ಟರೆ ಅವ್ವ ನನ್ನನ್ನು ಕ್ಷಮಿಸುವುದಿಲ್ಲ.

ಅವ್ವ ಮನೆಯಲ್ಲೇ ಬಾಯಲ್ಲಿ ಹೇಳಬಹುದಿತ್ತಲ್ಲ ಎಂದು ಅಮ್ಮನವರು ಮಣ್ಣಿನ ದಿನ ಕೇಳಿದರು. ಕೊನೆಯ ವಾರ ಹೇಳಲು ನೋಡಿದಳು. ಪದ್ಧತಿ ಬಿಟ್ಟು, ಚಾಪೆಯ ಮೇಲೆ ಬೆರಳಾಡಿಸಿ, "ಇದು ಬೇರು, ಬೇರಿನ ಈಚೆಗೆ ನಿಮ್ಮಪ್ಪ" ಎಂದು ಶುರು ಮಾಡಿದಳು. ಆಮೇಲೆ ಬೆರಳು ನಿಂತುಹೋಯಿತು. "ಈಗ ಅಲ್ಲಿಲ್ವಲ್ಲವ್ವ" ಎಂದಳು. ಕೈ ಎಳೆದುಕೊಂಡಳು. ಅದಾದ ಮೇಲೆ ಮಾತಾಡಲಿಲ್ಲ.

ಬೇರೆಯವರ ಮನೆಯ ಹೆಂಗಸರೂ ಬಂದು ನೋಡಿ ಹೋಗಿದ್ದಾರೆ. ಅವರಿಗೂ ಗುರುತು ಸಿಗಲಿಲ್ಲ. ನರಸಪ್ಪ ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾನೆ. ಬೇಡ ಎಂದಿದ್ದೇನೆ, ಮನೆ ನಡೆಯಬೇಕು. ಗೇಟಿನಲ್ಲಿ ನನಗೆ ಬಾಗಿಲು ತೆಗೆದವನು ಅವನೇ. ಖಾಕಿ ಬಟ್ಟೆಯಲ್ಲಿ ಅಳುತ್ತಿದ್ದ.

ನೀವು ಇನ್ನು ಆ ಕಲ್ಲುಗಳನ್ನು ಮುಟ್ಟಬೇಡಿ. ಬೋರ್ಡು ಹಾಕುವುದು ಬೇಡ. ಮೇಲೆ ಮಣ್ಣು ಬೀಳಲಿ, ಹುಲ್ಲು ಬೆಳೆಯಲಿ. ನಿಮ್ಮ ಕೇಸಿಗೆ ನನ್ನ ಸಾಕ್ಷಿ ಬೇಕಾದರೆ ಕರೆಯಿರಿ, ಬಂದು ಹೇಳುತ್ತೇನೆ. ಗುಡ್ಡ ಉಳಿಸಿದವರು ನೀವು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಮನೆಗೆ ಬಾ ಎಂದು ಕರೆಯಬೇಡಿ. ಅಮ್ಮನವರಿಗೆ ಬೇರೆಯಾಗಿ ಬರೆಯುತ್ತೇನೆ.

ಬಿಳಿ ಕಲ್ಲಿನ ಎರಡು ಚೂರನ್ನು ನಾನು ತಂದಿದ್ದೇನೆ. ನಮ್ಮ ಬಾಡಿಗೆ ರೂಮಿಗೆ ಒಂದೇ ಕಿಟಕಿ, ಆಚೆಗೆ ಫ್ಯಾಕ್ಟರಿಯ ಶೀಟು. ಆ ಕಿಟಕಿಯ ಕಟ್ಟೆಯ ಮೇಲೆ ಅವ್ವನ ಕಲ್ಲು ಇಟ್ಟು, ಮಗ್ಗುಲಿಗೆ ತಂಗಿಯನ್ನು ಇಟ್ಟಿದ್ದೇನೆ. ನಿನ್ನೆ ಅಮೂಲ್ಯಾ ಸ್ಕೂಲಿನಿಂದ ಬಂದವಳು ಇದೇನಮ್ಮ ಎಂದಳು. ಈಗಲೇ ಹೇಳಬಾರದು. ಆದರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ, ಇದು ನಿಮ್ಮಜ್ಜಿ, ಇದು ನಿಮ್ಮ ಚಿಕ್ಕಮ್ಮ.

"ಮಿಕ್ಕೋರೆಲ್ಲ ಎಲ್ಲಮ್ಮ?" ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎಂದೆ.

ವಸಂತಮ್ಮ